ವಿಜಯಪುರ ನೋಡಾಕ ಬರೋರು ಪದೇ ಪದೇ ಕೇಳೋ ಪ್ರಶ್ನೆಗಳು, ಅವಕ್ಕ ಊರಾವನ ಉತ್ತರ

ನಮ್ಮ ಮನಿ ಇರೋದು ಗೋಲಗುಂಬಜ್‌ನಿಂದ ನಡಕೊಂಡು ಹೋಗೋ ದೂರದಾಗ. ಅದಕ್ಕ ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಯಾರ ಈ ಕಡೆ ಹೊರಟ್ರೂ ಮೊದಲು ನನಗ ಒಂದು ಫೋನ್ ಬರ್ತದ, ಇಲ್ಲಾ ಒಂದು ಮೆಸೇಜ್ ಬರ್ತದ. ವರ್ಷಾನುಗಟ್ಟಲೆ ಅವೇ ಪ್ರಶ್ನೆ ಕೇಳಿ ಕೇಳಿ, ಈ ಸಲ ಎಲ್ಲಾ ಒಂದೇ ಕಡೆ ಬರದ ಇಡೂಣು ಅಂತ ಕುಂತೀನಿ. ಪ್ರಶ್ನೆ ಅವರು ಕೇಳಿದ ಮಾತಿನಾಗೇ ಇಟ್ಟೀನಿ, ಉತ್ತರ ನನ್ನ ಮಾತಿನಾಗ. ಮೊದಲನೇ ಸಲ ಬರೋರು ಮ್ಯಾಲಿಂದ ಓದ್ರಿ, ಒಮ್ಮೆ ಬಂದು ಹೋದವರು ಸೀದಾ ಕೊನೀ ಭಾಗಕ್ಕ ಹೋಗ್ರಿ.

## ಹೊರಡೋಕ್ಕಿಂತ ಮೊದಲು

ಬಿಜಾಪುರ, ವಿಜಯಪುರ ಎರಡೂ ಒಂದೇನಾ? ಬುಕಿಂಗ್ ಮಾಡೋವಾಗ ಎರಡೆರಡು ವಿಜಯಪುರ ತೋರಿಸ್ತಿದೆ!

ಎರಡೂ ಒಂದೇ ರಿ. 2014ರ ನವೆಂಬರ್ 1ಕ್ಕ ಸರ್ಕಾರ ಬಿಜಾಪುರ ಅನ್ನೋದನ್ನ ಅಧಿಕೃತವಾಗಿ ವಿಜಯಪುರ ಮಾಡ್ತು. ಹಳೇ ಮಂದಿ ಇನ್ನೂ ಬಿಜಾಪುರ ಅಂತಾರ, ಇನ್ನ ಸ್ವಲ್ಪ ಮಂದಿ ವಿಜಾಪುರ ಅಂತಾರ, ಯಾವದ ಅಂದ್ರೂ ನಮಗ ತಿಳೀತದ. ಆದ್ರ ಬುಕಿಂಗ್ ಮಾಡೂ ಮುಂದ ಹುಷಾರ್, ದೇವನಹಳ್ಳಿ ಹತ್ರ ಇನ್ನೊಂದು ವಿಜಯಪುರ ಅದ, ಅದು ಬೆಂಗಳೂರು ಗ್ರಾಮಾಂತರದ್ದು. ನಮ್ಮ ದೂರದ ಸಂಬಂಧಿಕರೊಬ್ಬರು ಅಲ್ಲಿ ರೂಮ್ ಬುಕ್ ಮಾಡಿ ಇಲ್ಲಿ ಬಂದು ಇಳದಿದ್ರು. ಜಿಲ್ಲಾ ಹೆಸರು ನೋಡ್ರಿ, ಇಲ್ಲಾ ದೂರ ನೋಡ್ರಿ. ಬೆಂಗಳೂರಿಂದ 500 ಕಿಲೋಮೀಟರ್ ದಾಟಿದ್ರ ಅದು ನಮ್ಮ ಊರು.

ಬೆಂಗಳೂರಿಂದ ಬರೋಕೆ ಟ್ರೈನ್ ಒಳ್ಳೇದಾ ಬಸ್ಸಾ?

ನನ್ನ ಕೇಳಿದ್ರ ಟ್ರೈನ್. ಗೋಲಗುಂಬಜ್ ಎಕ್ಸ್‌ಪ್ರೆಸ್ ಅಂತ ನಮ್ಮ ಊರಿನ ಹೆಸರಿಂದೇ ಒಂದು ಗಾಡಿ ಓಡ್ತದ, ಹಿಂದಿನ ದಿನ ಹತ್ತಿ ಮಲಗಿದ್ರ ಮರುದಿನ ಇಲ್ಲಿ ಇಳೀತೀರಿ. ರೈಲ್ವೆ ಸ್ಟೇಷನ್ ಇರೋದು ಗೋಲಗುಂಬಜ್ ಹತ್ರಾನೇ, ಗಾಡಿ ಊರು ಮುಟ್ಟೂ ಮುಂದನ ಕಿಟಕ್ಯಾಗ ಗುಮ್ಮಟ ಕಾಣಾಕ ಶುರು ಆಗ್ತದ, ಆ ನೋಟ ಬಸ್ಸಿನ್ಯಾಗ ಸಿಗೂದಿಲ್ಲ. ಬಸ್ಸಿಗೆ ಬಂದ್ರ ಬಸ್ ಸ್ಟ್ಯಾಂಡ್ ಊರಿನ ಇನ್ನೊಂದು ಕಡೆ. ಮುಂಬೈ, ಪುಣೆ ಕಡೆಯಿಂದ ಬರೋ ಕನ್ನಡದವರಿಗೆ ಸೊಲ್ಲಾಪುರ ಸಮೀಪ, ಅಲ್ಲಿಂದ 100 ಕಿಲೋಮೀಟರ್ ಅಷ್ಟ.

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಆಗ ಬರ್ಬಹುದಾ?

ಬ್ಯಾಡ್ರಿ. ಏಪ್ರಿಲ್, ಮೇ ಅಂದ್ರ ಇಲ್ಲಿ 40 ಡಿಗ್ರಿ ದಾಟ್ತದ, ಕಲ್ಲಿನ ಕಟ್ಟಡ ಎಲ್ಲಾ ಕಾದು ಕೆಂಡ ಆಗಿರ್ತಾವ, ಮಸೀದಿ ಅಂಗಳದಾಗ ಚಪ್ಪಲಿ ಬಿಟ್ಟು ಕಾಲಿಡಾಕ ಆಗೂದಿಲ್ಲ, ಮಕ್ಕಳು ಎರಡನೇ ಕಟ್ಟಡಕ್ಕೇ ಅಳಾಕ ಶುರು ಮಾಡ್ತಾವ. ದಸರಾ ರಜಾ ಇಲ್ಲಾ ಕ್ರಿಸ್ಮಸ್ ರಜಾ ನೋಡ್ರಿ. ನವೆಂಬರ್‌ನಿಂದ ಫೆಬ್ರವರಿ ತನಕ ಹವಾ ಭಾಳ ಚಲೋ ಇರ್ತದ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಇರ್ತದ, ನಂದಿಕೋಲು, ದನದ ಜಾತ್ರಿ, ರಾತ್ರಿ ಮದ್ದು ಸುಡೂದು, ಅದನ್ನ ನೋಡಬೇಕು ಅನ್ನೋರು ಆವಾಗ ಬರ್ರಿ, ಆದ್ರ ರೂಮ್ ಮೊದಲೇ ಹಿಡೀರಿ. ಅನಿವಾರ್ಯ ಮೇನಾಗೇ ಬರಬೇಕು ಅಂದ್ರ ಮುಂಜಾನೆ 6ರಿಂದ 10, ಸಂಜಿ 4ರ ಮ್ಯಾಲ, ನಡುವ ಹೊರಗ ಬೀಳಬ್ಯಾಡ್ರಿ.

ಒಂದೇ ದಿನದಲ್ಲಿ ಮುಗಿಸ್ಬಹುದಾ ಸರ್? ಸಂಜೆ ಬಾದಾಮಿಗೆ ಹೋಗ್ಬೇಕು.

ಇದು ನನಗ ಎಲ್ಲಾಕ್ಕಿಂತ ಜಾಸ್ತಿ ಬರೋ ಪ್ರಶ್ನೆ, ನನ್ನ ಹೊಟ್ಟ್ಯಾಗ ಸಂಕಟ ಆಗೋ ಪ್ರಶ್ನೆನೂ ಇದೇ. ಮುಂಜಾನೆ 11ಕ್ಕ ಬಂದು, ಗೋಲಗುಂಬಜ್ ಹತ್ತಿ, ನಾಕು ಸಲ ಕೂಗಿ, ಸೆಲ್ಫಿ ತಗೊಂಡು, ಊಟ ಮಾಡಿ ಬಾದಾಮಿ ದಾರಿ ಹಿಡಿಯೋರನ್ನ ನಾನು ದಿನಾ ನೋಡ್ತೀನಿ. ಅವರು ವಿಜಯಪುರ ನೋಡಿಲ್ಲ, ಒಂದು ಗುಮ್ಮಟ ನೋಡ್ಯಾರ. ಈ ಊರಿನ ಸುತ್ತ ಸುಮಾರು 10 ಕಿಲೋಮೀಟರ್ ಕೋಟೆ ಗೋಡಿ ಅದ, ಒಳಗ ಅರಮನಿ, ಬಾವಡಿ (ಮೆಟ್ಟಲಿನ ಬಾವಿ), ಮಸೀದಿ, ಗೋರಿ, ತೋಪು ಏನೇನೋ ಅದ.

ಖರೇ ಹೇಳಬೇಕಂದ್ರ ಎರಡು ದಿನ ಬೇಕು, ಒಂದು ರಾತ್ರಿ ಇಲ್ಲೇ ಉಳೀರಿ. ಒಂದೇ ದಿನ ಇದ್ದವರಿಗೆ ನಾನು ಹೇಳೋ ಕ್ರಮ ಹಿಂಗದ: ಮುಂಜಾನೆ 6ಕ್ಕ ಗೋಲಗುಂಬಜ್, ನಾಷ್ಟಾ ಆದ ಮ್ಯಾಲ ಜುಮ್ಮಾ ಮಸೀದಿ, ಮೆಹತರ್ ಮಹಲ್, ಆಸಾರ್ ಮಹಲ್, ಗಗನ ಮಹಲ್, ಬಾರಾ ಕಮಾನ್, ಇವೆಲ್ಲಾ ಊರ ನಡುವ ಒಂದರ ಹಿಂದ ಒಂದು ಬರ್ತಾವ. ಮಧ್ಯಾಹ್ನ ಊಟ, ನಿದ್ದಿ. ಸಂಜಿಗೆ ಉಪ್ಪಲಿ ಬುರ್ಜ್, ಮಲಿಕ್ ಮೈದಾನ ತೋಪು, ತಾಜ್ ಬಾವಡಿ, ಕೊನಿಗೆ ಇಬ್ರಾಹಿಂ ರೋಜಾ. ಮೂಡಣದಿಂದ ಪಡುವಣಕ್ಕ ಸೂರ್ಯನ ಸಂಗಟ ಹೋದಂಗ ಆಗ್ತದ, ಹಿಂದ ಮುಂದ ಅಡ್ಡಾಡೂ ಪ್ರಶ್ನೆ ಇಲ್ಲ.

ಊರೊಳಗೆ ಓಡಾಡೋಕೆ ಏನು ಮಾಡೋದು? ಟಾಂಗಾ ಇನ್ನೂ ಇದ್ಯಾ?

ಟಾಂಗಾ ಕಡಿಮಿ ಆಗ್ಯಾವ ಆದ್ರ ಇನ್ನೂ ಸಿಗ್ತಾವ, ಗೋಲಗುಂಬಜ್ ಗೇಟ್ ಹತ್ರ ನೋಡ್ರಿ. ಮಕ್ಕಳಿದ್ರ ಒಂದು ಸಲ ಕುಂದರ್ರಿ. ಉಳದಂಗ ಆಟೋದಾವರ ಕಡೆ ಮೊದಲೇ ರೇಟ್ ಮಾತಾಡಿ, ಎಲ್ಲೆಲ್ಲಿ ನಿಲ್ಲಬೇಕು ಅಂತ ಹೆಸರು ಹೇಳಿ ಅರ್ಧ ದಿನಕ್ಕ ಹಿಡೀರಿ. ಬರೇ "ಎಲ್ಲಾ ತೋರಸ್ರಿ" ಅಂದ್ರ ಮೂರು ಕಡೆ ನಿಲ್ಲಿಸಿ ವಾಪಸ್ ತಂದು ಬಿಡ್ತಾರ. ಗೋಲಗುಂಬಜ್‌ದಿಂದ ಇಬ್ರಾಹಿಂ ರೋಜಾ ತನಕ ನಾಲ್ಕೈದು ಕಿಲೋಮೀಟರ್, ಥಂಡಿ ದಿನದಾಗ ನಡಿಯೋರು ನಡದೂ ಹೋಗಬಹುದು.

ಊಟಕ್ಕೆ ಏನು ಸಿಗತ್ತೆ? ಖಾರ ತುಂಬಾ ಇರತ್ತಂತೆ ಹೌದಾ?

ಖಾನಾವಳಿಗೆ ಹೋಗ್ರಿ, ದೊಡ್ಡ ಹೋಟೆಲ್ ಹುಡುಕಬ್ಯಾಡ್ರಿ. ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಕಾಳಿನ ಪಲ್ಯಾ, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಖಾರ ಇರ್ತದ, ಆದ್ರ ಮೊಸರು, ಎಣ್ಣಿ ಹಾಕ್ಕೊಂಡು ತಿಂದ್ರ ನಿಮಗೂ ಹಿಡಸ್ತದ. ಶೇಂಗಾ ಹೋಳಿಗಿ, ಮಾದಲಿ ಸಿಕ್ರ ಬಿಡಬ್ಯಾಡ್ರಿ. ವಾಪಸ್ ಹೋಗೂ ಮುಂದ ಒಣ ದ್ರಾಕ್ಷಿ ಒಯ್ರಿ, ನಮ್ಮ ಜಿಲ್ಲಾದಾಗ ದ್ರಾಕ್ಷಿ ತೋಟ ಭಾಳ. ಇಂಡಿ ಲಿಂಬಿಹಣ್ಣಿಗೆ ಜಿಐ ಟ್ಯಾಗ್ ಬಂದದ, ಅದರ ಉಪ್ಪಿನಕಾಯಿನೂ ಒಂದು ಬಾಟ್ಲಿ ಇರಲಿ.

## ಗೋಲಗುಂಬಜ್ ಬಗ್ಗೆ

ನಾವು ಹೋದಾಗ ಬರೀ ಕಿರುಚಾಟ, ಪಿಸುಮಾತು ಕೇಳಿಸ್ಲೇ ಇಲ್ಲ. ಯಾವಾಗ ಹೋದ್ರೆ ಕೇಳ್ಸತ್ತೆ?

ಮುಂಜಾನೆ 6ರ ಸುಮಾರಿಗೆ ಬಾಗಲ ತೆಗೀತಾರ, ಮೊದಲನೇ ಅರ್ಧ ತಾಸು ನಿಮ್ಮದು. ಅದೂ ಸೋಮವಾರದಿಂದ ಶುಕ್ರವಾರದ ಒಳಗ. 9 ದಾಟ್ತು ಅಂದ್ರ ಸಾಲೀ ಟ್ರಿಪ್ಪಿನ ಬಸ್ ಬರ್ತಾವ, ಆಮ್ಯಾಲ ಒಂದೇ ಗದ್ದಲ.

ಹಿಂಗ ಮಾಡ್ರಿ. ಮ್ಯಾಲ ಗುಮ್ಮಟದ ಒಳಸುತ್ತ ಇರೋ ಗ್ಯಾಲರಿಯೊಳಗ ಒಬ್ಬರು ಈ ಕಡೆ ಗೋಡಿಗೆ ಮುಖ ಮಾಡಿ ಕುಂದರ್ರಿ, ಇನ್ನೊಬ್ಬರು ಎದುರಿಗೆ ಆ ಕಡೆ ಗೋಡಿಗೆ ಕಿವಿ ಹಚ್ರಿ. ನಡುವ ಸುಮಾರು 37 ಮೀಟರ್ ಬಯಲು ಅದ. ಕೂಗಬ್ಯಾಡ್ರಿ, ಗುಟ್ಟು ಹೇಳಿದಂಗ ಹೇಳ್ರಿ. ಗೋಡಿ ಗುಂಡಗದ, ಮಾತು ಆ ಗೋಡಿ ಹಿಡಕೊಂಡೇ ಸರದು ಹೋಗಿ ಆ ಕಡೆ ಕಿವ್ಯಾಗ ಬೀಳ್ತದ. ಕಾಗದ ಹರದ್ರೂ ಕೇಳ್ತದ, ಕೈ ಗಡಿಯಾರ ಟಿಕ್ ಟಿಕ್ ಅನ್ನೂದೂ ಕೇಳ್ತದ. ಒಂದು ಚಪ್ಪಾಳಿ ಹೊಡದ್ರ ಏಳೆಂಟು ಸಲ ತಿರುಗಿ ಬರ್ತದ.

ನಮ್ಮ ಅಜ್ಜ ನನ್ನನ್ನ ಮೊದಲನೇ ಸಲ ಕರಕೊಂಡು ಹೋದಾಗ ನಾನು ಐದಾರು ವರ್ಷದಾವ. ಆ ಕಡೆ ಕುಂತು ಅಜ್ಜ ಏನೋ ಅಂದ, ಈ ಕಡೆ ನನ್ನ ಬಾಜೂಕನ ನಿಂತು ಅಂದಂಗ ಕೇಳ್ತು, ಹೆದರಿ ಹಿಂದ ತಿರುಗಿ ನೋಡಿದ್ದೆ. ಆ ಅನುಭವ ಪ್ರತಿ ಕೂಸಿಗೂ ಸಿಗಬೇಕು ಅನ್ನೂದು ನನ್ನ ಆಸೆ. ಅದಕ್ಕ ಕೈಮುಗಿದು ಕೇಳ್ತೀನಿ, ಒಳಗ ಹೋದಾಗ ಕಿರುಚಬ್ಯಾಡ್ರಿ, ನಿಮ್ಮ ಒಂದು ಕೂಗಿಗೆ ಇನ್ನ ಐವತ್ತು ಮಂದಿ ಕೇಳೂದು ಕೆಡ್ತದ.

ಅಮ್ಮಂಗೆ ಮಂಡಿ ನೋವು, ಮೇಲೆ ಹತ್ತಿಸ್ಬಹುದಾ?

ನಾಕು ಮೂಲ್ಯಾಗ ಏಳೇಳು ಅಂತಸ್ತಿನ ಮಿನಾರ ಅವ, ಮೆಟ್ಟಲ ಅದರೊಳಗ ಸುತ್ತಿಕೊಂಡು ಹೋಗ್ತಾವ. ಇಕ್ಕಟ್ಟು, ಎತ್ತರದ ಮೆಟ್ಟಲು, ಲಿಫ್ಟ್ ಇಲ್ಲ. ಒಂದೊಂದು ಅಂತಸ್ತಿಗೂ ಕಿಟಕಿ ಹಂಗ ತೆರದ ಕಮಾನು ಅವ, ಅಲ್ಲೆ ನಿಂತು ದಮ್ಮು ತಗೋಬಹುದು, ಆದ್ರ ಇಳಿಯೂ ಮುಂದ ಮಂಡಿಗೆ ಭಾಳ ತ್ರಾಸ್. ಮಂಡಿ ನೋವು ಜೋರಿದ್ರ ಬ್ಯಾಡ್ರಿ. ಅಮ್ಮಾವರು ಕೆಳಗ ಹಾಲ್‌ದಾಗ ಕುಂದರಲಿ, ಮ್ಯಾಲಿಂದ ಬರೋ ಧ್ವನಿ ಕೆಳಗೂ ಕೇಳ್ತದ, ಆ ಗುಮ್ಮಟದ ಅಗಾಧ ತಿಳಿಯೂದು ಖರೇ ಕೆಳಗ ನಿಂತು ಕುತ್ತಿಗಿ ಎತ್ತಿ ನೋಡಿದಾಗನ. ಮುಂದಿನ ನಗಾರಖಾನಿಯೊಳಗ, ಅಂದ್ರ ನಗಾರಿ ಬಾರಿಸ್ತಿದ್ದ ಕಟ್ಟಡದಾಗ, ಮ್ಯೂಸಿಯಂ ಅದ, ಬ್ರಿಟಿಷರ ಕಾಲದ್ದು, ಶಾಸನ, ವೀರಗಲ್ಲು, ಹಳೇ ಹಸ್ತಪ್ರತಿ, ಪಿಂಗಾಣಿ, ಗಾಲೀಚ ಎಲ್ಲಾ ಅವ. ಶುಕ್ರವಾರ ಮ್ಯೂಸಿಯಂ ಬಂದ್.

ಇದು ಪ್ರಪಂಚದ ಎರಡನೇ ದೊಡ್ಡ ಗುಮ್ಮಟ ಅಂತ ಸ್ಕೂಲಲ್ಲಿ ಓದಿದ್ವಿ, ನಿಜಾನಾ?

ಲೆಕ್ಕ ನೋಡೂಣು. ಗೋಲಗುಂಬಜ್ ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್, ಹೊರಗಿಂದು 44 ಮೀಟರ್. ರೋಮ್‌ನ ಪ್ಯಾಂಥಿಯನ್ ಒಳಗಿಂದು 43 ಮೀಟರ್, ಸೇಂಟ್ ಪೀಟರ್ಸ್ 41 ಮೀಟರ್ ಮ್ಯಾಲ, ಫ್ಲಾರೆನ್ಸ್ ಚರ್ಚಿಂದೂ ಇದಕ್ಕಿಂತ ದೊಡ್ಡದು. ಹಂಗಾಗಿ ಎರಡನೇದು ಅನ್ನೂದು ಕೂಡೂದಿಲ್ಲ. ಈಗಿನ ಕಬ್ಬಿಣ, ಕಾಂಕ್ರೀಟಿನ ಸ್ಟೇಡಿಯಂ ಹಿಡದ್ರಂತೂ ಲೆಕ್ಕಾನೇ ಬ್ಯಾರೆ.

ಆದ್ರ ನಂಬರ್ ಕಡಿಮಿ ಆಯ್ತು ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಒಂದೇ ಗುಮ್ಮಟದ ಕೆಳಗ 18,000 ಚದರ ಅಡಿಗಿಂತ ಜಾಸ್ತಿ ನೆಲ, ನಡುವ ಒಂದೂ ಕಂಬ ಇಲ್ಲದ, ಮುಚ್ಚಿದ್ದು ಇಲ್ಲಿ. ಇದು ಪ್ಯಾಂಥಿಯನ್ ನೆಲಕ್ಕಿಂತ ಜಾಸ್ತಿ. 1656ರಾಗ ಬರೇ ಇಟ್ಟಂಗಿ, ಕಲ್ಲು, ಸುಣ್ಣದಾಗ ಇದನ್ನ ನಿಲ್ಲಿಸ್ಯಾರ ಅನ್ನೂದು ನನಗ ಯಾವ ರ‍್ಯಾಂಕಿಗಿಂತಲೂ ದೊಡ್ಡದು.

ಕಂಬಾನೇ ಇಲ್ದೆ ಅಷ್ಟು ದೊಡ್ಡ ಗುಮ್ಮಟ ಹೆಂಗೆ ನಿಂತಿದೆ? ಇಂಜಿನಿಯರಿಂಗ್ ಸ್ಟೂಡೆಂಟ್ ನಾನು.

ಹಾಲ್ ನಡುವ ನಿಂತು ಮೂಲಿ ಕಡೆ ಮ್ಯಾಲ ನೋಡ್ರಿ. ದೊಡ್ಡ ದೊಡ್ಡ ಕಮಾನು ಒಂದನ್ನೊಂದು ಕತ್ತರಿಸಿಕೊಂಡು ಹೋಗ್ಯಾವ, ಒಟ್ಟು ಎಂಟು. ಎರಡು ಚೌಕ ಒಂದರ ಮ್ಯಾಲೊಂದು ಓರೆ ಇಟ್ಟು ಎಂಟು ಮೂಲಿ ರಂಗೋಲಿ ಹಾಕ್ತಾರಲ್ಲ, ಅದನ್ನೇ ಕಲ್ಲಿನ್ಯಾಗ ಮ್ಯಾಲ ಎತ್ತಿ ಹಿಡದಂಗ. ಕೆಳಗಿನ ಚೌಕ ಹಾಲ್ ಹಿಂಗ ಎಂಟು ಮೂಲಿ ಆಗಿ, ಆಮ್ಯಾಲ ಗುಂಡಗ ಆಗ್ತದ, ಆ ಗುಂಡಿನ ಮ್ಯಾಲ ಗುಮ್ಮಟ ಕುಂತದ.

ಈಗ ಯಾವ ಗುಮ್ಮಟಕ್ಕೂ ಒಂದು ಚಾಳಿ ಅದ, ತನ್ನ ಭಾರಕ್ಕ ಬುಡ ಹೊರಗ ಒದೀತದ. ಇಲ್ಲಿ ಏನ ಮಾಡ್ಯಾರ ಅಂದ್ರ ಆ ಕಮಾನುಗಳ ನಡುವಿನ ಕಟ್ಟಡ ಎಲ್ಲಾ ಒಳಗ ಬಾಗಿಸ್ಯಾರ, ಅದರ ಮ್ಯಾಲ 11 ಅಡಿ ಅಗಲದ ಗ್ಯಾಲರಿ ಒಳಗ ಚಾಚ್ಯದ, ಆ ಭಾರ ಎಲ್ಲಾ ಒಳಗ ಎಳೀತದ. ಹೊರಗ ಒದಿಯೂದು, ಒಳಗ ಎಳಿಯೂದು ಎರಡೂ ಸರಿದೂಗಿ ಗೋಡಿಗೆ ನೇರ ಭಾರ ಅಷ್ಟ ಉಳೀತದ. ಅಂದ್ರ ನೀವು ಪಿಸುಮಾತು ಆಡಾಕ ಕುಂತೀರಲ್ಲ, ಆ ಗ್ಯಾಲರಿನೂ ಗುಮ್ಮಟ ಹಿಡಕೊಂಡು ನಿಂತದ. ಗುಮ್ಮಟದ ಗೋಡಿ ಬುಡದಾಗ ಸುಮಾರು 10 ಅಡಿ ದಪ್ಪ, ಇಟ್ಟಂಗಿ ನಡುವ ಸುಣ್ಣದ ಗಾರೆ ದಪ್ಪಗ ಹಾಕಿ ಒಂದೇ ಗಟ್ಟಿ ಚಿಪ್ಪು ಮಾಡ್ಯಾರ. ಕಟ್ಟಿದಾವನ ಹೆಸರು ದಾಬೋಲಿನ ಯಾಕೂತ್ ಅಂತ ಹೇಳ್ತಾರ.

ಒಳಗಿರೋ ಗೋರಿಗಳು ಯಾರವು? ರಂಭಾ ಅನ್ನೋಳು ಯಾರು?

ನಡುವ ಇರೋದು 1627ರಿಂದ 1656ರ ತನಕ ಬಿಜಾಪುರ ಆಳಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹಂದು. ಬಾಜೂಕ ಅವನ ಇಬ್ಬರು ಹೆಂಡಂದಿರು, ಮಗಳು, ಮೊಮ್ಮಗ, ಮತ್ತ ಆಸ್ಥಾನದ ನರ್ತಕಿ ರಂಭಾ. ನಿಮಗ ಕಾಣೋವು ಗುರುತಿನ ಗೋರಿ, ಖರೇ ಗೋರಿ ಕೆಳಗ ನೆಲಮಾಳಿಗ್ಯಾಗ ಅವ. ರಂಭಾ ಮ್ಯಾಲಿಂದ ಜಿಗದು ಪ್ರೀತಿ ತೋರಿಸಿದ್ಲು ಅಂತ ಗೈಡ್‌ಗಳು ಹೇಳೂದು ಬಾಯಿಂದ ಬಾಯಿಗೆ ಬಂದ ಕತಿ. ಒಬ್ಬ ನರ್ತಕಿಗೆ ಸುಲ್ತಾನನ ಕುಟುಂಬದ ಸಾಲಿನಾಗ ಜಾಗಾ ಕೊಟ್ಟಾರಲ್ಲ, ಅದೇ ದೊಡ್ಡ ಮಾತು ಅನ್ನಿಸ್ತದ ನನಗ. ದಕ್ಷಿಣ ಬಾಗಲ ಮುಂದ ಒಂದು ಕಲ್ಲು ನೇತು ಹಾಕ್ಯಾರ, ನೋಡ್ರಿ, ಅದು ಆಕಾಶದಿಂದ ಬಿದ್ದ ಉಲ್ಕೆ ಕಲ್ಲು, ಸಿಡಿಲಿನಿಂದ ಕಾಯ್ತದ ಅಂತ ನಂಬಿಕಿ.

## ಉಳಿದ ಊರು

ಗೋಲಗುಂಬಜ್ ಬಿಟ್ರೆ ಇನ್ನೊಂದೇ ಒಂದು ನೋಡೋಕೆ ಟೈಮಿದೆ, ಯಾವುದು?

ಇಬ್ರಾಹಿಂ ರೋಜಾ, ಎರಡು ಮಾತಿಲ್ಲ. ನನ್ನ ಮನಸಿನಾಗ ಇದು ಗೋಲಗುಂಬಜ್‌ಗಿಂತ ಒಂದು ಹೆಜ್ಜಿ ಮ್ಯಾಲ. ಎರಡನೇ ಇಬ್ರಾಹಿಂ ಆದಿಲ್ ಶಾಹ, ಅವನ ಹೆಂಡತಿ ತಾಜ್ ಸುಲ್ತಾನಾ ಇಬ್ಬರ ಗೋರಿ ಇಲ್ಲಿ ಅವ. ಕಟ್ಟಿಸಿದ್ದು ಮಲಿಕ್ ಸಂದಲ್, ಮೊದಲು ರಾಣಿ ಸಲುವಾಗಿ ಅಂತ ಶುರು ಆಗಿದ್ದು, ರಾಜನೇ ಮೊದಲು ತೀರಿಹೋದ. ಒಂದೇ ಕಟ್ಟೀ ಮ್ಯಾಲ ಈ ಕಡೆ ಗೋರಿ, ಆ ಕಡೆ ಮಸೀದಿ, ನಡುವ ಕಾರಂಜಿ. ಗೋಡಿ ಮ್ಯಾಲ ಅಕ್ಷರಾನೇ ಬಳ್ಳಿ ಹಂಗ ಹಬ್ಯಾವ, ಕಿಟಕಿಗೆ ಜಾಳಿಗಿ ಹಾಕೂ ಬದಲಿ ಅರಬ್ಬೀ ಅಕ್ಷರಾನೇ ಕಲ್ಲಿನ್ಯಾಗ ಕೊರದು ಜಾಳಿಗಿ ಮಾಡ್ಯಾರ, ಬೆಳಕು ಆ ಅಕ್ಷರದ ಸಂದಿನಿಂದ ಒಳಗ ಬರ್ತದ. ಒಳಗ ಹೋಗಿ ಮ್ಯಾಲ ನೋಡ್ರಿ, ಛತ್ತು ಸಪಾಟ ಅದ, ಕಲ್ಲಿನ ಹಲಗಿ ಒಂದಕ್ಕೊಂದು ಅಂಚು ಕೂಡಿಸಿ ನಿಂತಾವ, ಕೆಳಗ ಆಧಾರ ಕಾಣೂದಿಲ್ಲ. ಒಂದೂವರೆ ಲಕ್ಷ ಹೊನ್ನು ಖರ್ಚಾಯ್ತು ಅಂತ ಶಾಸನದಾಗೇ ಲೆಕ್ಕ ಬರಸ್ಯಾರ.

ಇಬ್ರಾಹಿಂ ರೋಜಾ ನೋಡಿ ತಾಜ್‌ಮಹಲ್ ಕಟ್ಟಿದ್ರಂತೆ?

ಕಾಲದ ಲೆಕ್ಕ ಹಿಡದ್ರ ರೋಜಾ ಮೊದಲು, ಇಬ್ರಾಹಿಂ ತೀರಿದ್ದು 1627ರಾಗ, ತಾಜ್‌ಮಹಲ್ ಕೆಲಸ ಶುರು ಆಗಿದ್ದು 1632ರ ಸುಮಾರಿಗೆ. ರಾಣಿ ಹೆಸರೂ ತಾಜ್, ಅದಕ್ಕ ಕತಿ ಬೆಳೀತು. ಆದ್ರ ಪ್ಲ್ಯಾನ್ ಬ್ಯಾರೆ, ಕಲ್ಲು ಬ್ಯಾರೆ, ಆ ಅಮೃತಶಿಲಿ ಬಿಳುಪಿಗೂ ನಮ್ಮ ಕಂದು ಕಲ್ಲಿಗೂ ಹೋಲಿಕಿ ಮಾಡಬಾರದು. ದಕ್ಷಿಣದ ತಾಜ್‌ಮಹಲ್ ಅಂತ ಕರಿಯೂದು ನನಗ ಸೇರೂದಿಲ್ಲ, ರೋಜಾಕ್ಕ ಇನ್ನೊಬ್ಬರ ಹೆಸರು ಯಾಕ ಬೇಕು?

ಬಾರಾ ಕಮಾನ್ ಅರ್ಧಕ್ಕೆ ನಿಂತಿದ್ಯಾಕೆ?

ಇದಕ್ಕ ಉತ್ತರ ಹೇಳಬೇಕಂದ್ರ ಮೂರು ತಲಿಮಾರಿನ ಕತಿ ಹೇಳಬೇಕು. ಇಬ್ರಾಹಿಂಗೆ ಅಷ್ಟು ನಾಜೂಕಾದ ರೋಜಾ ಆಯ್ತು. ಮಗ ಮೊಹಮ್ಮದ್ ಪಟ್ಟಕ್ಕ ಬಂದಾಗ ಕುಸುರಿ ಕೆಲಸದಾಗ ಅಪ್ಪನ ಮೀರಿಸೋ ಜಾಗಾ ಉಳದಿರಲಿಲ್ಲ, ಅವ ಗಾತ್ರದ ದಾರಿ ಹಿಡದ, ಗೋಲಗುಂಬಜ್ ಆಯ್ತು. ಮೊಮ್ಮಗ ಎರಡನೇ ಅಲಿ ಆದಿಲ್ ಶಾಹ ಅದಕ್ಕಿಂತಲೂ ದೊಡ್ಡದು ಕಟ್ಟಸ್ತೀನಿ ಅಂತ ಎತ್ತರದ ಕಟ್ಟಿ ಹಾಕಿ ಕಮಾನು ಎಬ್ಬಿಸಿದ, 1672ರಾಗ ತೀರಿದ. ಕೆಲಸ ಅಲ್ಲೇ ನಿಂತು. ಆಮ್ಯಾಲ ಪಟ್ಟಕ್ಕ ಬಂದ ಸಿಕಂದರ್ ಸಣ್ಣ ಹುಡುಗ, 1686ರಾಗ ಔರಂಗಜೇಬ ಊರು ತಗೊಂಡ.

ಅದಕ್ಕ ಸಾಧ್ಯ ಇದ್ದವರಿಗೆ ನಾನು ಹೇಳೂದು, ಎರಡು ದಿನ ಇದ್ರ ಮೊದಲು ರೋಜಾ ನೋಡ್ರಿ, ಆಮ್ಯಾಲ ಗುಂಬಜ್, ಆಮ್ಯಾಲ ಬಾರಾ ಕಮಾನ್. ಅಪ್ಪ, ಮಗ, ಮೊಮ್ಮಗ ಈ ಕ್ರಮದಾಗ ನೋಡಿದ್ರ ಆ ಮುಗೀಲಾರದ ಕರೀ ಕಮಾನುಗಳ ನಡುವ ನಿಂತಾಗ ಎದಿ ಭಾರ ಆಗ್ತದ. ಸಂಜಿಮುಂದ ಹೋಗ್ರಿ. ಟಿಕೆಟ್ ಇಲ್ಲ.

ಮಲಿಕ್ ಮೈದಾನ ತೋಪು ಬಿಸಿಲಲ್ಲೂ ತಣ್ಣಗಿರತ್ತಂತೆ, ಮುಟ್ಟಬಹುದಾ?

ಮುಟ್ಟಬಹುದು, ಬಡೀಬ್ಯಾಡ್ರಿ. ಗಂಟಿ ಮಾಡೋ ಕಂಚಿನಂಥ ಮಿಶ್ರ ಲೋಹದ್ದು ಅದು, ಮಂದಿ ಕಲ್ಲಿಲೆ ಬಡದು ನಾದ ಕೇಳಾಕ ಹೋಗಿ ಗಾಯ ಮಾಡ್ಯಾರ. 1549ರಾಗ ಅಹಮದ್‌ನಗರದಾಗ ಮಹಮ್ಮದ್ ಬಿನ್ ಹಸನ್ ರೂಮಿ ಅನ್ನಾವ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ, 14 ಅಡಿ ಮ್ಯಾಲ ಉದ್ದ. ಬಾಯಿ ಸಿಂಹದ್ದು, ಹಲ್ಲಿನ ಸಂದ್ಯಾಗ ಆನಿ ಸಿಕ್ಕೊಂಡದ, ಹತ್ತಿರ ಹೋಗಿ ನೋಡ್ರಿ. 1632ರಾಗ ಪರಾಂಡಾ ಕೋಟೆಯಿಂದ ಗೆದ್ದು ತಂದ್ರು, ಎಳಿಯಾಕ 400 ಎತ್ತು, 10 ಆನಿ, ನೂರಾರು ಆಳು ಬೇಕಾದ್ವಂತ. 1854ರಾಗ ಬ್ರಿಟಿಷರು ಹರಾಜಿಗೆ ಇಟ್ರ ಬಂದ ಸವಾಲು ಬರೇ 150 ರೂಪಾಯಿ! ಪುಣ್ಯಾಕ್ಕ ಹರಾಜು ರದ್ದಾಯ್ತು, ಇಲ್ಲಾಂದ್ರ ಯಾವದೋ ಕುಲುಮ್ಯಾಗ ಕರಗಿ ಹೋಗ್ತಿತ್ತು.

ಅಲ್ಲೆ ಹತ್ರ ಉಪ್ಪಲಿ ಬುರ್ಜ್ ಅದ, 1584ರದ್ದು, ಹೈದರ್ ಖಾನ್ ಕಟ್ಟಿಸಿದ್ದು, 80 ಅಡಿ ಎತ್ತರ. ಹೊರಗಿನ ಸುತ್ತು ಮೆಟ್ಟಲು ಹತ್ತಿದ್ರ ಮ್ಯಾಲ 30 ಅಡಿ ಉದ್ದದ ತೋಪು, ಮತ್ತ ಇಡೀ ಊರು. ಸೂರ್ಯ ಮುಳುಗೂದು ನೋಡಾಕ ಇದಕ್ಕಿಂತ ಚಲೋ ಜಾಗಾ ಊರಾಗ ಇಲ್ಲ.

ನಾನು ಹಿಂದೂ, ಹೆಂಗಸು ಬೇರೆ. ಜುಮ್ಮಾ ಮಸೀದಿ, ಆಸಾರ್ ಮಹಲ್ ಒಳಗೆ ಬಿಡ್ತಾರಾ?

ಜುಮ್ಮಾ ಮಸೀದಿಗೆ ಎಲ್ಲಾರೂ ಹೋಗಬಹುದು. ತಲಿ ಮ್ಯಾಲ ಸೆರಗು, ಮೈ ಮುಚ್ಚಿದ ಬಟ್ಟಿ, ನಮಾಜಿನ ಹೊತ್ತು ಬಿಟ್ಟು ಹೋಗ್ರಿ, ಶುಕ್ರವಾರ ಮಧ್ಯಾಹ್ನ ಬ್ಯಾಡ. ಒಂದನೇ ಅಲಿ ಆದಿಲ್ ಶಾಹ 1565ರ ಯುದ್ಧ ಗೆದ್ದ ಮ್ಯಾಲ ಶುರು ಮಾಡಿಸಿದ್ದು. ನೆಲದ ಮ್ಯಾಲ ಒಬ್ಬೊಬ್ಬರಿಗೆ ಒಂದೊಂದು ಜಾಗಾ ಅಂತ 2,250 ಚೌಕ ಗುರುತು ಹಾಕ್ಯಾರ, ಅದು ಔರಂಗಜೇಬನ ಕಾಲದ್ದು. ಹಂಪಿ ಹಾಳಾದ ಯುದ್ಧದ ದುಡ್ಡು ಇಲ್ಲಿ ಮಸೀದಿ ಆಗಿ ನಿಂತದ, ಎರಡೂ ಊರು ನೋಡಿದವರಿಗೆ ಆ ಬಿಳೀ ಕಮಾನಿನ ಸಾಲಿನಾಗ ನಿಂತಾಗ ಇದು ನೆನಪಾಗದ ಇರೂದಿಲ್ಲ.

ಆಸಾರ್ ಮಹಲ್ ಒಳಗ ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ. ಪ್ರವಾದಿಯವರ ಕೂದಲು ಇಟ್ಟಾರ ಅನ್ನೋ ಕಾರಣಕ್ಕ ಆ ಪದ್ಧತಿ. ಮುಂದಿನ ಎತ್ತರದ ಕಟ್ಟಗಿ ಕಂಬದ ಪಡಸಾಲಿ, ಹೊಂಡ ಹೊರಗಿಂದ ಚಲೋ ಕಾಣ್ತಾವ. ಮೊದಲು ಇದು ನ್ಯಾಯಾಲಯ ಆಗಿತ್ತು. ಒಳಗ ಬಿಡೂದಿಲ್ಲ ಅಂತ ಸಿಟ್ಟು ಬಂದ್ರ ಹತ್ರದ ಮೆಹತರ್ ಮಹಲ್‌ಗೆ ಹೋಗ್ರಿ, ಹೆಸರು ಮಹಲ್ ಅಂತ ಇದ್ರೂ ಅದು ಮಸೀದಿಯ ಹೆಬ್ಬಾಗಿಲು, ಕಲ್ಲಿನ್ಯಾಗ ಕಟ್ಟಗಿ ಕೆತ್ತಿದಂಗ ಕೆತ್ಯಾರ.

ಗಗನ ಮಹಲ್‌ನಲ್ಲಿ ಏನಿದೆ? ಬರೀ ಪಾರ್ಕ್ ಥರ ಕಾಣ್ಸತ್ತೆ.

ಮೂರು ಕಮಾನು ಅವ, ಅಷ್ಟ, ಆದ್ರ ನಡುವಿನ ಕಮಾನಿನ ಅಗಲ 60 ಅಡಿ. 1561ರದ್ದು. ಕೆಳಗ ದರ್ಬಾರು ನಡೀತಿತ್ತು, ಮ್ಯಾಲಿನ ಅಂತಸ್ತು ಈಗ ಇಲ್ಲ. 1686ರಾಗ ಕೊನೀ ಸುಲ್ತಾನ ಸಿಕಂದರ್‌ನನ್ನ ಬೆಳ್ಳಿ ಸರಪಳಿ ಹಾಕಿ ಔರಂಗಜೇಬನ ಮುಂದ ಇಲ್ಲೇ ನಿಲ್ಲಿಸಿದ್ರು ಅಂತಾರ. ಈಗ ಅಲ್ಲಿ ಹುಡುಗರು ಓದ್ಕೋತ ಕುಂತಿರ್ತಾರ.

ಶಿವಗಿರಿ ನೋಡ್ಬೇಕಾ?

ಮಕ್ಕಳಿದ್ರ ಹೋಗ್ರಿ. 85 ಅಡಿ ಎತ್ತರದ ಶಿವನ ಮೂರ್ತಿ, ಕೆಳಗ ಸಣ್ಣ ಗುಡಿ, ಊರಿಂದ ಸ್ವಲ್ಪ ಹೊರಗ ಅದ.

## ಎರಡನೇ ಸಲ ಬರೋರಿಗೆ, ಆಸಕ್ತಿ ಇದ್ದವರಿಗೆ

ಇಷ್ಟು ಬರಗಾಲದ ಊರಲ್ಲಿ ಆ ಕಾಲದಲ್ಲಿ ನೀರು ಎಲ್ಲಿಂದ ತರ್ತಿದ್ರು?

ಈ ಪ್ರಶ್ನೆ ಕೇಳಿದವರನ್ನ ಮನಿಗೆ ಕರದು ಚಹಾ ಕುಡಿಸ್ತೀನಿ ನಾನು. ವಿಜಯಪುರದ ಖರೇ ಅದ್ಭುತ ನೆಲದ ಕೆಳಗದ. ಊರ ಪಡುವಣ ಕಡೆ ತೊರವಿಯಿಂದ ನೆಲದೊಳಗ ಸುರಂಗ ಕೊರದು ನೀರು ತಂದ್ರು, ಅದಕ್ಕ ಕಾರೇಜ್ ಅಂತಾರ, ನಡು ನಡುವ ಗಾಳಿ ಆಡಾಕ, ಹೂಳು ತೆಗಿಯಾಕ ಬಾವಿ ಹಂಗ ಕಿಂಡಿ ಬಿಟ್ಟಾರ. ತೊರವಿ ಹತ್ರ ಸುರಂಗ ಬಾವಡಿ ಈಗಲೂ ಅದ. 1651ರಾಗ ಮೊಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಅಂತ ಕೆರಿ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವಿಯೊಳಗ ಊರಿಗೆ ನೀರು ಬಿಟ್ಟ. ದೂರದಿಂದ ಬರೋ ನೀರಿನ ಒತ್ತಡಕ್ಕ ಕೊಳವಿ ಒಡೀಬಾರದು ಅಂತ ನಡುವ ಗೋಪುರ ಕಟ್ಟಿದ್ರು, ನೀರು ಅದರಾಗ ಮ್ಯಾಲ ಏರಿ ದಮ್ಮು ಬಿಟ್ಟು ಮುಂದ ಹೋಗ್ತದ. ಇವಕ್ಕ ಗಂಜ್ ಅಂತಾರ. ಊರಾಗ ಅಲ್ಲಲ್ಲಿ ಯಾವದೋ ಮುರದ ಗೋಪುರ ಅಂತ ನೀವು ನೋಡಿ ಮುಂದ ಹೋಗೋವು ಇವೇ.

ಬಾವಡಿಗಳಂತೂ ಲೆಕ್ಕ ಇಲ್ಲದಷ್ಟು ಇದ್ವು. ಮೊದಲು ಚಾಂದ್ ಬಾವಡಿ, ಒಂದನೇ ಅಲಿ ಆದಿಲ್ ಶಾಹ ತನ್ನ ಹೆಂಡತಿ ಚಾಂದ್ ಬೀಬಿ ಹೆಸರಿಲೆ ಕಟ್ಟಿಸಿದ್ದು. ಆಮ್ಯಾಲ 1620ರ ತಾಜ್ ಬಾವಡಿ, ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲಿ ಗೋಪುರ, ಪ್ರಯಾಣಿಕರು ಉಳಿಯಾಕ ಕೋಣಿ. ನಾವು ಸಣ್ಣವರಿದ್ದಾಗ ಇದರಾಗ ಗಣಪತಿ ಬಿಡ್ತಿದ್ರು, ಕಸ ಚೆಲ್ತಿದ್ರು. ಕೆಲವು ವರ್ಷದ ಹಿಂದ ಊರಿನ ಬಾವಡಿಗಳ ಹೂಳು ತೆಗೆಸಿದ್ರು, ತಳದಾಗ ನೀರು ಚಿಮ್ಮಿದ್ದು ನೋಡಿ ಮುದುಕರು ಕಣ್ಣೀರು ಹಾಕಿದ್ರು. ಅಲ್ಲಿ ಹೋದ್ರ ಒಂದು ಪ್ಲಾಸ್ಟಿಕ್ ಚೂರೂ ಬಿಡಬ್ಯಾಡ್ರಿ, ಇದು ನನ್ನ ಕಳಕಳಿ ವಿನಂತಿ.

ನವರಸಪುರ ಅಂದ್ರೆ ಏನು, ಎಲ್ಲಿದೆ?

ತೊರವಿ ಹತ್ರಾನೇ, ಮಹಿಳಾ ವಿಶ್ವವಿದ್ಯಾಲಯದ ಕಡೆ. ಎರಡನೇ ಇಬ್ರಾಹಿಂಗೆ ಸಂಗೀತದ ಹುಚ್ಚು. ನವರಸದ ಮ್ಯಾಲ ದಖ್ಖನಿ ಭಾಷಾದಾಗ ಹಾಡು ಕಟ್ಟಿದ, ಅದರಾಗ ಸರಸ್ವತಿನೂ ಗಣಪತಿನೂ ನೆನದಾನ, ಮಂದಿ ಅವನ್ನ ಜಗದ್ಗುರು ಬಾದಶಾಹ ಅಂತಿದ್ರು. 1599ರಾಗ ಕಲಾವಿದರ ಸಲುವಾಗಿ ಹೊಸಾ ಊರು ಕಟ್ಟಾಕ ಶುರು ಮಾಡಿದ, 1624ರಾಗ ಅಹಮದ್‌ನಗರದ ಮಲಿಕ್ ಅಂಬರ್ ದಂಡು ಬಂದು ಹಾಳು ಮಾಡ್ತು. ಈಗ ಉಳದಿದ್ದು ಸಂಗೀತ ಮಹಲ್, ನಾರಿ ಮಹಲ್‌ನ ಅವಶೇಷ. ಗಗನ ಮಹಲ್ ಹಂಗೇ ಎತ್ತರದ ಕಮಾನು, ಮುಂದ ಹೊಂಡ. ನಾನು ಹೋದಾಗೆಲ್ಲಾ ಒಬ್ಬರು ಇಬ್ಬರು ಬಿಟ್ರ ಯಾರೂ ಇರೂದಿಲ್ಲ. ಹಾಡಾಕ ಬರೋರು ಸಂಗಟ ಇದ್ರ ಅಲ್ಲಿ ಕುಂತು ಒಂದು ಹಾಡ್ರಿ.

ಸಾಠ್ ಕಬರ್ ಕತೆ ನಿಜಾನಾ?

ಗೋರಿಗಳು ಖರೇ, 60ಕ್ಕೂ ಜಾಸ್ತಿ ಅವ, ಎಲ್ಲಾ ಹೆಣ್ಣುಮಕ್ಕಳವು, ಒಂದೇ ಅಳತಿ, ಸಾಲಾಗಿ. ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್ 1659ರಾಗ ಶಿವಾಜಿ ಮ್ಯಾಲ ಹೋಗೂ ಮುಂದ ವಾಪಸ್ ಬರೂದಿಲ್ಲ ಅಂತ ಭವಿಷ್ಯ ಕೇಳಿ ತನ್ನ ಹೆಂಡಂದಿರನ್ನೆಲ್ಲಾ ಕೊಂದು ಹೋದ ಅನ್ನೂದು ಜನ ಹೇಳೋ ಕತಿ. ಅಲ್ಲಿ ಹೋಗಿ ನಿಂತ್ರ ಮಾತು ಬರೂದಿಲ್ಲ. ದಾರಿ ಕೇಳಿಕೊಂಡೇ ಹೋಗಬೇಕು, ಹಗಲಿನ್ಯಾಗ ಹೋಗ್ರಿ, ಅಲ್ಲಿ ನಗಾಡಿ ರೀಲ್ಸ್ ಮಾಡಬ್ಯಾಡ್ರಿ.

ಬಿಜಾಪುರ ಅಂದ್ರೆ ಬರೀ ಸುಲ್ತಾನರದ್ದಾ? ಕನ್ನಡಕ್ಕೆ ಸಂಬಂಧ ಇರೋ ಜಾಗ ಏನೂ ಇಲ್ವಾ?

ಯಾಕಿಲ್ಲ! ತೊರವಿಗೆ ಹೋದಾಗ ಅಲ್ಲಿ ನರಸಿಂಹ ದೇವರ ಗುಡಿಗೆ ಹೋಗ್ರಿ. ಕುಮಾರ ವಾಲ್ಮೀಕಿ ಇದೇ ದೇವರ ಅಂಕಿತದಾಗ ಭಾಮಿನಿ ಷಟ್ಪದಿಯೊಳಗ ರಾಮಾಯಣ ಬರದಾನ, ತೊರವೆ ರಾಮಾಯಣ ಅಂತ ಅದಕ್ಕ ಹೆಸರು ಬಂದಿದ್ದೇ ಈ ಊರಿಂದ. ಊರಾಗ ಫ.ಗು. ಹಳಕಟ್ಟಿಯವರು ವಕೀಲಿ ಮಾಡಿಕೋತ, ಹಳ್ಳಿ ಹಳ್ಳಿ ತಿರುಗಿ ತಾಳೆಗರಿ ಕೂಡಿಸಿ, ಇಲ್ಲೇ ಪ್ರೆಸ್ ಹಾಕಿ ವಚನಗಳನ್ನ ಅಚ್ಚು ಮಾಡಿದ್ರು, 1926ರಾಗ ಶಿವಾನುಭವ ಪತ್ರಿಕೆ ಶುರು ಮಾಡಿದ್ರು. ಇವತ್ತು ನಾವು ಬಸವಣ್ಣನ ವಚನ ಪುಸ್ತಕದಾಗ ಓದ್ತೀವಿ ಅಂದ್ರ ಈ ಮನುಷ್ಯನ ಬೆವರು ಅದರಾಗದ. ಅವರ ಹೆಸರಿನ ಸಂಶೋಧನಾ ಕೇಂದ್ರ ಊರಾಗದ. ಇನ್ನ ಉತ್ತರಕ್ಕ ಭೀಮಾ ತೀರದ ಕಡೆ ಹಲಸಂಗಿ, ಮಧುರಚೆನ್ನರ ಊರು, ಅವರು ಮತ್ತ ಗೆಳ್ಯಾರು ಕೂಡಿ ಗರತಿಯರ ಹಾಡು ಕೂಡಿಸಿದ ಹಳ್ಳಿ. ಸಾಲೋಟಗಿಯೊಳಗ ರಾಷ್ಟ್ರಕೂಟರ ಕಾಲದ, ಹತ್ತನೇ ಶತಮಾನದ ವಿದ್ಯಾಲಯದ ಶಾಸನ ಸಿಕ್ಕದ.

ಕುಮಟಗಿಗೆ ಹೋಗೋದು ವರ್ತಾ?

ನೀರಿನ ಮಹಲ್ ನೋಡೋ ಆಸೆ ಇದ್ರ ಹೌದು. ಸಿಂದಗಿ ಕಡೆ ಹೋಗೂ ದಾರ್ಯಾಗ, ಸುಮಾರು 20 ಕಿಲೋಮೀಟರ್. ಆದಿಲ್ ಶಾಹಿಗಳು ಬ್ಯಾಸಗಿಗೆ ಹೋಗಿ ಇರ್ತಿದ್ದ ಜಾಗಾ, ಹೊಂಡದ ನಡುವ ಮಂಟಪ, ಛತ್ತಿನಿಂದ ನೀರು ಸುರಿಯೂ ವ್ಯವಸ್ಥಾ, ಗೋಡಿ ಮ್ಯಾಲ ಹಳೇ ಚಿತ್ರ. ಚಿತ್ರ ಮಾಸ್ಯಾವ, ಕೈ ಹಚ್ಚಬ್ಯಾಡ್ರಿ, ಫ್ಲ್ಯಾಶ್ ಹಾಕಬ್ಯಾಡ್ರಿ.

ವಿಜಯಪುರದಿಂದ ಬಾದಾಮಿಗೆ ಹೋಗೋ ದಾರಿಯಲ್ಲಿ ಏನೇನು ನೋಡ್ಬಹುದು?

ನೇರ ಹೋದ್ರ ಬಾದಾಮಿ ಸುಮಾರು 120 ಕಿಲೋಮೀಟರ್. ನೇರ ಹೋಗಬ್ಯಾಡ್ರಿ. ಮುಂಜಾನೆ ಲಗೂ ಹೊರಟು ಬಸವನ ಬಾಗೇವಾಡಿ, 43 ಕಿಲೋಮೀಟರ್, ಬಸವಣ್ಣ ಹುಟ್ಟಿದ ಊರು. ಅಲ್ಲಿಂದ ಆಲಮಟ್ಟಿ ಡ್ಯಾಂ, ಕೃಷ್ಣಾ ನದಿ ಮ್ಯಾಲ, ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು, ಗಾರ್ಡನ್ ಮಕ್ಕಳಿಗೆ ಹಿಡಸ್ತದ. ಮುಂದ ಕೂಡಲಸಂಗಮ, ಕೃಷ್ಣಾ ಮಲಪ್ರಭಾ ಕೂಡೋ ಜಾಗಾ. ಬಸವಣ್ಣನ ಐಕ್ಯ ಮಂಟಪ ಹಿನ್ನೀರಿನ್ಯಾಗ ಮುಳಗಬಾರದು ಅಂತ ಸುತ್ತ ಬಾವಿ ಹಂಗ ಗೋಡಿ ಕಟ್ಯಾರ, ಮೆಟ್ಟಲು ಇಳದು ಕೆಳಗ ಹೋಗಬೇಕು, ಸುತ್ತ ನೀರು, ನಡುವ ತಳದಾಗ ನೀವು. ಹುಟ್ಟಿದ ಊರಿಂದ ಐಕ್ಯ ಆದ ಜಾಗಕ್ಕ ಒಂದೇ ದಿನದಾಗ ಹೋದಂಗ ಆಗ್ತದ.

ಆ ರಾತ್ರಿ ಬಾದಾಮಿಯೊಳಗ ಉಳದು ಮರುದಿನ ಐಹೊಳೆ, ಪಟ್ಟದಕಲ್ಲು ನೋಡ್ರಿ, ಪಟ್ಟದಕಲ್ಲು 1987ರಿಂದ ಯುನೆಸ್ಕೋ ಪಟ್ಟಿಯೊಳಗದ. ಬಾದಾಮಿ ಮೂರನೇ ಗುಹಾದಾಗ 578ರ ಶಾಸನ ಅದ. ಅಲ್ಲಿಯ ಕಲ್ಲು ಕೆಂಪು, ನಮ್ಮದು ಕರೀದು, ನೂರಿಪ್ಪತ್ತು ಕಿಲೋಮೀಟರಿನ್ಯಾಗ ನೆಲದ ಬಣ್ಣಾನೇ ಬದಲಾಗ್ತದ, ಕಾರಿನ ಕಿಟಕ್ಯಾಗ ಗಮನ ಇಟ್ಟು ನೋಡ್ಕೋತ ಹೋಗ್ರಿ.

ಗೈಡ್ ತಗೋಬೇಕಾ, ಇಲ್ಲಾ ನೀವೇ ಬಂದು ತೋರಿಸ್ತೀರಾ?

ಗೋಲಗುಂಬಜ್, ಇಬ್ರಾಹಿಂ ರೋಜಾ ಎರಡಕ್ಕೂ ಗೈಡ್ ತಗೋರಿ, ಇಲಾಖೆ ಗುರುತಿನ ಚೀಟಿ ಇದ್ದವರನ್ನ ನೋಡಿ. ಕತಿ ಯಾವದು, ಇತಿಹಾಸ ಯಾವದು ಅಂತ ಅವರನ್ನ ಕೇಳ್ರಿ, ಚಲೋ ಗೈಡ್ ಇದ್ರ ಖುಷಿಲೆ ಬಿಡಿಸಿ ಹೇಳ್ತಾರ. ಬಾವಡಿ, ತೊರವಿ ಕಡೆ ಗೈಡ್ ಸಿಗೂದು ಕಷ್ಟ. ರವಿವಾರ ಆದ್ರ ನಾನು ಬರ್ತೀನಿ, ಎರಡು ದಿನ ಮೊದಲು ಹೇಳ್ರಿ, ಮುಂಜಾನೆ ಐದೂವರೆಗೆ ಗೋಲಗುಂಬಜ್ ಗೇಟ್ ಮುಂದ ಚಹಾ ಅಂಗಡಿ ಹತ್ರ ಸಿಗೂಣು.